ತಿಂಗಳಿಗೊಮ್ಮೆ ಒಳಗೆ ಹೋಗಿ ಬರುವವರು

ನಿಪ್ಪಾಣಿ
14 ಜೂನ್ 2009

ಸಿದ್ದಣ್ಣನವರಿಗೆ ಜೈಭೀಮ.

ನಾನು ಸಪನಾ, ದಿಗ್ಗೇವಾಡಿಯ ವಿಶ್ವಾಸ ಶಿಂಗೆಯ ತಂಗಿ. ನೀವು ನಮ್ಮ ಮನೆಗೆ ಬರುತ್ತಿದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ದಾದಾ ಮತ್ತು ನೀವು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುತ್ತಿದ್ದಿರಿ. ಶನಿವಾರ ಬಂದರೆ ಕಟ್ಟೆಯ ಮೇಲೆ ಕೂತು ನೋಟುಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ವೆಬ್‌ಸೈಟಿನ ಚೌಕಗಳನ್ನು ಬರೆಯುತ್ತಿದ್ದಿರಿ. “ಯಾರ ಮನಿ ಕಟ್ಟಾಕತ್ತೀರೆಪಾ?” ಎಂದು ಅವ್ವ ಕೇಳುತ್ತಿದ್ದಳು.

ದಾದಾ ಕಾಣೆಯಾಗಿ ನಾಲ್ಕೂವರೆ ವರ್ಷವಾಯಿತು. ನೀವು ಆಮೇಲೆ ಒಮ್ಮೆಯೂ ನಮ್ಮ ಮನೆಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಬೇರೆ ಕೆಲಸವಿದೆ.

ನಾನು ಬಿಸಿಎ ಮುಗಿಸಿ ನಿಪ್ಪಾಣಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೇನೆ. ಸೋದರತ್ತೆಯ ಮನೆಯಲ್ಲಿದ್ದೇನೆ. ಅತ್ತೆ ಮತ್ತು ಅವಳ ಜೊತೆಗಾರ್ತಿಯರು ಬೀಡಿ ಕಟ್ಟುವುದು ಬಿಟ್ಟು ಕೌದಿ ಹೊಲಿಯುವ ಒಂದು ಸಂಘ ಮಾಡಿಕೊಂಡಿದ್ದಾರೆ. ಅದರ ಅಧ್ಯಕ್ಷೆ ಸಾವಿತ್ರೆವ್ವ ಮೊನ್ನೆ ಬಂದು, “ನಮ್ಮ ಕೌದಿ ಪುಣೆದಾವ್ರು ಮನ್ಯಾಗ ಕೂತು ನೋಡೂ ಹಂಗ ಮಾಡಿಕೊಡ ತಂಗಿ” ಎಂದಳು. ನಾನು ಹೂಂ ಎಂದುಬಿಟ್ಟೆ. ಇದು ನನ್ನ ಮೊದಲ ಸೈಟು. ಪುಟ ಬರೆಯಲು ಬರುತ್ತದೆ. ಬರೆದದ್ದನ್ನು ಎಲ್ಲಿ ಇಡಬೇಕು, ಯಾವ ಸಾಧನ ಹಿಡಿಯಬೇಕು ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ. ಹೋಸ್ಟಿಂಗ್ ಮಾರುವ ಕಂಪನಿಗಳ ಜಾಹೀರಾತು ಓದಿ ಓದಿ ತಲೆ ತಿರುಗಿದೆ.

ದಾದಾ ತನ್ನ ಪುಟವನ್ನು ಉಚಿತ ಹೋಸ್ಟಿಂಗಿನಲ್ಲಿ ಇಟ್ಟಿದ್ದ. ಅದು ಈಗಲೂ ತೆರೆಯುತ್ತದೆ. ಹೊಳೆಯ ಫೋಟೋ, ಅವ್ವನ ಫೋಟೋ, ಎಲ್ಲ ಇದ್ದ ಹಾಗೇ ಇವೆ. ಅಷ್ಟು ಗಟ್ಟಿಯಾಗಿದ್ದರೆ ನಾನೂ ಅಲ್ಲೇ ಇಡಬಹುದಲ್ಲವೇ?

ನಿಮ್ಮ ಫೋನ್ ನಂಬರು ನನ್ನಲ್ಲಿಲ್ಲ. ದಾದಾನ ಪುಸ್ತಕದಲ್ಲಿ ಐನಾಪುರದ ವಿಳಾಸ ಮಾತ್ರ ಸಿಕ್ಕಿತು.

ಸಪನಾ ಭರಮು ಶಿಂಗೆ


ಐನಾಪುರ
3 ಜುಲೈ 2009

ಸಪನಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ನಾನು ಈಗ ಕಂಪ್ಯೂಟರಿನ ಕೆಲಸ ಮಾಡುತ್ತಿಲ್ಲ. ಅಪ್ಪನ ಜೊತೆ ದ್ರಾಕ್ಷಿ ತೋಟ ನೋಡಿಕೊಂಡಿದ್ದೇನೆ. ಆದರೂ ಕೇಳಿದ್ದಕ್ಕೆ ಗೊತ್ತಿದ್ದಷ್ಟು ಬರೆಯುತ್ತೇನೆ.

ಮೊದಲ ಸೈಟನ್ನು ನೋಟ್‌ಪ್ಯಾಡಿನಲ್ಲೇ ಬರೆ. ಮೌಸ್ ಎಳೆದು ಚಿತ್ರ ಕೂರಿಸುವ ದೊಡ್ಡ ಸಾಫ್ಟ್‌ವೇರ್ ಬೇಡ. ಅದು ನೀನು ಹೇಳದ ಹತ್ತು ಸಾಲುಗಳನ್ನು ತಾನೇ ಬರೆದಿಡುತ್ತದೆ. ನಾಳೆ ಏನಾದರೂ ಕೆಟ್ಟರೆ ಯಾವ ಸಾಲು ನಿನ್ನದು, ಯಾವುದು ಅದರದು ಎಂದು ತಿಳಿಯುವುದಿಲ್ಲ. ಕಡತಗಳನ್ನು ಕಳಿಸಲು ಒಂದು ಎಫ್‌ಟಿಪಿ ಪ್ರೋಗ್ರಾಮು ಸಾಕು, ಒಳ್ಳೆಯವು ಪುಕ್ಕಟೆ ಸಿಗುತ್ತವೆ. ಕನ್ನಡಕ್ಕೆ ಯೂನಿಕೋಡ್ ಬಳಸು. ನಮ್ಮ ಕಾಲಕ್ಕೆ ಅದು ಎಲ್ಲ ಕಂಪ್ಯೂಟರಿನಲ್ಲೂ ಕಾಣುತ್ತಿರಲಿಲ್ಲ. ವಿಶ್ವಾಸ ಪ್ರತಿ ಕನ್ನಡ ಸಾಲನ್ನೂ ಚಿತ್ರ ಮಾಡಿ ಹಾಕುತ್ತಿದ್ದ.

ಉಚಿತ ಹೋಸ್ಟಿಂಗ್ ಕಲಿಯುವವರಿಗೆ ಸರಿ, ಸಂಘಕ್ಕೆ ಬೇಡ. ಪುಟದ ತಲೆಯ ಮೇಲೆ ಅವರ ಜಾಹೀರಾತು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂವತ್ತು ದಿನ ಯಾರೂ ಪಾಸ್‌ವರ್ಡ್ ಹಾಕಿ ಒಳಗೆ ಹೋಗದಿದ್ದರೆ ಖಾತೆಯನ್ನೇ ಅಳಿಸಿ ಹಾಕುತ್ತಾರೆ. ಕೇಳುವುದೂ ಇಲ್ಲ. ದುಡ್ಡು ಕೊಟ್ಟು ಸಣ್ಣದೊಂದು ಜಾಗ ತಗೋ. ಕಡತಗಳ ಒಂದು ಪ್ರತಿ ಯಾವಾಗಲೂ ಸೀಡಿಯಲ್ಲಿ ನಿನ್ನ ಹತ್ತಿರ ಇರಲಿ.

ಡೊಮೇನನ್ನು ಸಂಘದ ಹೆಸರಿನಲ್ಲೇ ನೋಂದಾಯಿಸು. ನಿನ್ನ ಹೆಸರಿನಲ್ಲೂ ಬೇಡ, ಮಾರುವವನ ಹೆಸರಿನಲ್ಲೂ ಬೇಡ. ಕಾಗದದ ಮೇಲೆ ಯಾರ ಹೆಸರಿದೆಯೋ ಮನೆ ಅವರದು. ಕಟ್ಟಿದವರನ್ನು ಯಾರೂ ಕೇಳುವುದಿಲ್ಲ.

ಭರಮು ಕಾಕಾ, ತುಳಸವ್ವ ಆರಾಮವಿದ್ದಾರೆ ಎಂದುಕೊಂಡಿದ್ದೇನೆ.

ಸಿದ್ದಲಿಂಗ


ನಿಪ್ಪಾಣಿ
20 ಜುಲೈ 2009

ಸಿದ್ದಣ್ಣ,

ನಿಮ್ಮ ಕಾಗದ ಓದುತ್ತಾ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಮೂವತ್ತು ದಿನ.

ನಾನು ದಾದಾನ ಹೋಸ್ಟಿಂಗ್ ಕಂಪನಿಯ ನಿಯಮಗಳನ್ನು ತೆಗೆದು ಓದಿದೆ. ನೀವು ಬರೆದದ್ದು ನಿಜ. ಸಾಲದೆಂದು ಅವರಿಗೆ ಮೇಲ್ ಬರೆದು ಕೇಳಿದೆ. ನಾಲ್ಕು ದಿನದ ಮೇಲೆ ಉತ್ತರ ಬಂತು. ಖಾತೆ ಯಾರದು ಎಂದು ಹೇಳಲಾರರಂತೆ. ಆದರೆ ನಿಯಮ ಎಲ್ಲರಿಗೂ ಒಂದೇ, ಯಾರಿಗೂ ರಿಯಾಯಿತಿ ಇಲ್ಲವಂತೆ.

ಹಾಗಾದರೆ ಯಾರೋ ತಿಂಗಳಿಗೊಮ್ಮೆ ಒಳಗೆ ಹೋಗಿ ಬರುತ್ತಿದ್ದಾರೆ. ನಾಲ್ಕೂವರೆ ವರ್ಷ, ಒಂದು ತಿಂಗಳೂ ತಪ್ಪದೆ. ಆ ಪಾಸ್‌ವರ್ಡ್ ದಾದಾ ಯಾರಿಗೂ ಹೇಳುತ್ತಿರಲಿಲ್ಲ. ನಾನು ಕಾಡಿದಾಗ, “ಮನಿ ಕೀಲಿ ಕೊಟ್ಟೇನು, ಇದನ್ನ ಕೊಡೂದಿಲ್ಲ” ಎಂದಿದ್ದ.

ನಿಮಗೆ ಗೊತ್ತಿರಲಿಕ್ಕಿಲ್ಲ, ನಾವು ಅವನನ್ನು ಹೇಗೆ ಹುಡುಕಿದೆವು ಎಂದು. 2005ರ ಜನವರಿ ಹನ್ನೊಂದಕ್ಕೆ ಬೆಳಿಗ್ಗೆ ಹೋದವನು ಸಂಜೆಗೆ ಬರಲಿಲ್ಲ. ಅಪ್ಪ ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಊರಿಗೆ ನೀರು ಬಿಡುವವರು. ಎಲ್ಲರೂ ಹೊಳೆಯ ಕಡೆಗೇ ಬೆರಳು ತೋರಿಸಿದರು. ಎಂಟು ಬಾವಿಗಳಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿ ಹುಡುಕಿದರು. ಅದೇ ವರ್ಷ ಮಹಾಪೂರ ಇಳಿದ ಮೇಲೆ ಉಗಾರದ ತನಕ ಎಲ್ಲಿ ಹೆಣ ಸಿಕ್ಕಿದೆ ಎಂದು ಕೇಳಿದರೂ ಅಪ್ಪ ಸೈಕಲ್ ಹತ್ತಿ ಹೋಗಿ ನೋಡಿ ಬರುತ್ತಿದ್ದರು. ಬಂದು ಕೈಕಾಲು ತೊಳೆದು, “ಅವ ಅಲ್ಲ” ಎನ್ನುತ್ತಿದ್ದರು. ಈಗ ಅಪ್ಪನ ಮನಸ್ಸಿನಲ್ಲಿ ದಾದಾ ಹೊಳೆಯಲ್ಲೇ ಇದ್ದಾನೆ. ಪಂಪು ಚಾಲೂ ಮಾಡುವ ಮೊದಲು ಒಂದು ನಿಮಿಷ ನೀರು ನೋಡುತ್ತಾ ನಿಲ್ಲುತ್ತಾರೆ.

ಭಾನುವಾರ ಊರಿಗೆ ಹೋಗಿ ಅವ್ವನಿಗೆ ಹೇಳಿದೆ. “ದಾದಾ ಬದುಕ್ಯಾನ, ತನ್ನ ಪುಟ ತಾನ ಕಾಯಾಕತ್ತಾನ” ಎಂದೆ. ಅವ್ವ ಅಳಲಿಲ್ಲ. “ನನಗ ಗೊತ್ತಿತ್ತ” ಎಂದಳು. ಅಪ್ಪ ಎದ್ದು ಹೊರಗೆ ಹೋದರು.

ಅವನು ನಿಮಗೆ ಕಾಗದ ಬರೆದಿದ್ದಾನೆಯೇ? ಯಾರಿಗೂ ಹೇಳಬೇಡ ಎಂದು ಆಣೆ ಹಾಕಿದ್ದರೂ ನನಗೆ ಹೇಳಿ. ಎಲ್ಲಿದ್ದಾನೆ ಎಂದು ಕೇಳುವುದಿಲ್ಲ. ಇದ್ದಾನೆ ಎಂದಷ್ಟೇ ಬರೆಯಿರಿ.

ಕಾಯುತ್ತಿರುವ,
ಸಪನಾ


ನಿಪ್ಪಾಣಿ
6 ಸೆಪ್ಟೆಂಬರ್ 2009

ಸಿದ್ದಣ್ಣ,

ನಿಮ್ಮಿಂದ ಉತ್ತರವಿಲ್ಲ. ಅಂಚೆಯಲ್ಲಿ ಕಳೆಯಿತೇನೋ ಎಂದು ಮತ್ತೆ ಬರೆಯುತ್ತಿದ್ದೇನೆ.

ಅವ್ವ ಈಗ ಪ್ರತಿ ಗುರುವಾರ ಬಸ್ಸು ಹತ್ತಿ ನಿಪ್ಪಾಣಿಗೆ ಬರುತ್ತಾಳೆ. ಕ್ಲಾಸು ಬಿಟ್ಟ ಮೇಲೆ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ದಾದಾನ ಪುಟ ತೆರೆಯುತ್ತೇನೆ. ತನ್ನ ಫೋಟೋವನ್ನು ಅವಳು ನೋಡುವುದೇ ಇಲ್ಲ. “ಈಗ ಒಳಗ ಅದಾನೇನು?” ಎಂದು ಕೇಳುತ್ತಾಳೆ. ಅದು ಹಾಗಲ್ಲವ್ವಾ ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿದಳು. ಮರುವಾರ ಮತ್ತೆ ಅದನ್ನೇ ಕೇಳಿದಳು. ಪುಟ ಹೊಸದಾಗಿ ತೆರೆಯುವಾಗ ಅರೆಕ್ಷಣ ಪರದೆ ಬೆಳ್ಳಗಾಗುತ್ತದಲ್ಲ, ಆಗ ನನ್ನ ಕೈ ಹಿಡಿದು, “ಬಾಗಲಾ ತಗದ ನೋಡ” ಎನ್ನುತ್ತಾಳೆ. ಮೊನ್ನೆ ಪರದೆಯ ಹತ್ತಿರ ಬಾಯಿಟ್ಟು, “ಉಂಡೀಯೇನೋ?” ಎಂದು ಸಣ್ಣ ದನಿಯಲ್ಲಿ ಕೇಳಿದಳು.

ನಾನು ಹಚ್ಚಿದ ದೀಪ ಇದು. ಆರಿಸಲು ನನಗೆ ಬರುತ್ತಿಲ್ಲ. ಏನಾದರೂ ಬರೆಯಿರಿ.

ಸಪನಾ


ಐನಾಪುರ
27 ಸೆಪ್ಟೆಂಬರ್ 2009

ಸಪನಾ,

ನಿನ್ನ ಎರಡೂ ಕಾಗದ ಬಂದಿವೆ. ಏಳು ಸಲ ಉತ್ತರ ಬರೆದು ಹರಿದು ಹಾಕಿದೆ.

ತಿಂಗಳಿಗೊಮ್ಮೆ ಒಳಗೆ ಹೋಗುವವನು ನಾನು.

ಅಥಣಿಗೆ ಹೋದಾಗ ಒಂದು ಸೈಬರ್ ಕೆಫೆಯಲ್ಲಿ ಕೂತು ಪಾಸ್‌ವರ್ಡ್ ಹಾಕುತ್ತೇನೆ, ಒಳಗೆ ಹೋದೆನೆಂದು ಗೊತ್ತಾದ ಕೂಡಲೇ ಮುಚ್ಚಿ ಎದ್ದು ಬರುತ್ತೇನೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ಮುಟ್ಟಲು ಧೈರ್ಯವಿಲ್ಲ. ಮೂವತ್ತು ದಿನದ ಮಾತು ನನ್ನ ಕೈಯಿಂದ ತಾನಾಗಿ ಬಂತು. ಅಂಚೆಗೆ ಹಾಕಿ ಬಂದ ಮೇಲೆ ಹೊಳೆಯಿತು, ನಾನು ಏನು ಬರೆದೆ ಎಂದು.

ಆ ಪಾಸ್‌ವರ್ಡ್ ನನಗೆ ಹೇಗೆ ಸಿಕ್ಕಿತು ಎಂದು ಹೇಳಬೇಕು.

2004ರ ಕೊನೆಗೆ ಅಥಣಿಯ ದ್ರಾಕ್ಷಿ ಬೆಳೆಗಾರರ ಒಂದು ಸಂಘಕ್ಕೆ ನಾವು ಸೈಟು ಮಾಡಿದೆವು. ನಾವು ಎಂದೆ, ಆದರೆ ಮಾಡಿದವನು ವಿಶ್ವಾಸ. ಸಂಘದಲ್ಲಿ ನಮ್ಮ ಅಪ್ಪ ಮುರಗೆಪ್ಪ ಪಾಟೀಲರ ಮಾತು ನಡೆಯುತ್ತಿತ್ತು, ಅದರಿಂದ ಕೆಲಸ ನಮಗೆ ಸಿಕ್ಕಿತ್ತು. ಅಷ್ಟೇ ನನ್ನ ಪಾಲು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ‘ರಚನೆ: ವಿಶ್ವಾಸ ಶಿಂಗೆ, ಸಿದ್ದಲಿಂಗ ಪಾಟೀಲ’ ಎಂದು ಹಾಕಿದ್ದ. ಉದ್ಘಾಟನೆಯ ಹಿಂದಿನ ದಿನ ಅಪ್ಪ ಅದನ್ನು ನೋಡಿದರು. “ಮೊದಲನೇ ಹೆಸರು ತಗಸು. ನಾಳೆ ಮಂದಿ ಓದತೈತಿ” ಎಂದರು.

ನಾನು ವಿಶ್ವಾಸನಿಗೆ ಹೇಳಿದೆ. “ನಾಕ ದಿನದ ಮಾತಲೇ, ಕಾರ್ಯಕ್ರಮ ಆಗಲಿ, ಮತ್ತ ಹಾಕೂಣು.”

ಅವನು ನನ್ನ ಮುಖ ನೋಡಿದ. ಆಮೇಲೆ ತಾನೇ ಕಡತ ತೆರೆದು ತನ್ನ ಹೆಸರನ್ನು ಅಳಿಸಿ, ಸೇವ್ ಮಾಡಿ, “ನೋಡಕೋ, ಸರಿ ಆತೇನು” ಎಂದ.

ಮರುದಿನ ನನಗೆ ಶಾಲು ಹೊದಿಸಿದರು. ಅವನು ಹಿಂದೆ ಕೂತು ಪುಟ ತೋರಿಸಿದ, ಎಲ್ಲ ಮುಗಿದ ಮೇಲೆ ವೈರು ಸುತ್ತಿಟ್ಟ. ಚಪ್ಪಾಳೆಗೆ ಅವನೂ ಕೈ ಸೇರಿಸಿದ್ದ. ನಾಲ್ಕು ದಿನವಾಯಿತು, ಎಂಟು ದಿನವಾಯಿತು. ನಾನು ಹೆಸರು ಮತ್ತೆ ಹಾಕಲಿಲ್ಲ. ಅವನು ಕೇಳಲೂ ಇಲ್ಲ.

ಜನವರಿ ಹನ್ನೊಂದರ ಬೆಳಿಗ್ಗೆ ಅವನು ರಾಯಬಾಗದಲ್ಲಿ ನನಗೆ ಸಿಕ್ಕ. ಸ್ಟೇಷನ್ನಿಗೆ ಬಿಡು ಎಂದ, ಗಾಡಿಯ ಮೇಲೆ ಬಿಟ್ಟೆ. ಮಿರಜಕ್ಕೆ ಹೋಗುವ ಪ್ಯಾಸೆಂಜರು ಬರುವುದಿತ್ತು. ಕೈಯಲ್ಲಿ ದೊಡ್ಡ ಬ್ಯಾಗಿತ್ತು. ಒಂದು ದಿನಕ್ಕೆ ಹೋಗುವವನು ಅಂಥ ಬ್ಯಾಗು ಒಯ್ಯುವುದಿಲ್ಲ. ನಾನು ಕೇಳಲಿಲ್ಲ. ರೈಲು ಹತ್ತುವ ಮೊದಲು ಒಂದು ಚೀಟಿ ಕೊಟ್ಟ. “ತಿಂಗಳಿಗೊಮ್ಮೆ ಒಳಗ ಹೋಗಿ ಬಾ. ಇಲ್ಲಂದ್ರ ಅಳಸಿ ಹಾಕತಾರ. ಅದರಾಗ ಅವ್ವನ ಫೋಟೋ ಐತಿ.” ಅಷ್ಟೇ ಹೇಳಿದ. ಬೈದಿದ್ದರೆ ಒಳ್ಳೆಯದಿತ್ತು.

ಮೂರನೆಯ ದಿನ, ನೀವು ಬಾವಿ ಹುಡುಕುತ್ತಿದ್ದೀರಿ ಎಂದು ಕೇಳಿದೆ. ಗಾಡಿ ತೆಗೆದು ದಿಗ್ಗೇವಾಡಿಯ ಅಗಸಿಬಾಗಿಲ ತನಕ ಬಂದೆ. ರೈಲಿನ ಮಾತು ಹೇಳಿದರೆ ಯಾಕೆ ಹೋದ ಎಂದು ಕೇಳುತ್ತಾರೆ. ಯಾಕೆ ಎಂಬುದನ್ನು ಹೇಳಬೇಕಾಗುತ್ತದೆ. ತಿರುಗಿ ಹೋದೆ. ವಾರದಲ್ಲಿ ಅವನೇ ಬರುತ್ತಾನೆ ಎಂದುಕೊಂಡೆ. ಆಮೇಲೆ ತಿಂಗಳಾಯಿತು. ಆಮೇಲೆ ಹೇಳುವ ದಿನವೇ ಮೀರಿತು.

ಪಾಸ್‌ವರ್ಡನ್ನು ಇದರ ಹಿಂದೆ ಬರೆದಿದ್ದೇನೆ. ಅದು ನಿನ್ನದು.

ಸಿದ್ದಲಿಂಗ


ನಿಪ್ಪಾಣಿ
19 ಅಕ್ಟೋಬರ್ 2009

ಸಿದ್ದಲಿಂಗ ಪಾಟೀಲರಿಗೆ,

ನಮ್ಮ ಅಪ್ಪ ಹೆಣ ನೋಡಲು ಹೋದರು. ಒಂದು ಸಲವಲ್ಲ. ನೀವು ಅಗಸಿಯ ತನಕ ಬಂದಿದ್ದಿರಂತೆ. ಅಗಸಿಯಿಂದ ನಮ್ಮ ಮನೆಗೆ ಎಷ್ಟು ಹೆಜ್ಜೆ ಎಂದು ನಿಮಗೆ ಗೊತ್ತು.

ಅಪ್ಪನಿಗೆ ನಿಮ್ಮ ಕಾಗದ ಓದಿ ಹೇಳಿದೆ. ರೈಲಿನ ಮಾತು ಬಂದಾಗ, “ಅಂದ್ರ ಹೊಳ್ಯಾಗ ಇಲ್ಲ” ಎಂದರು. ಎರಡು ದಿನ ಪಂಪ್‌ಹೌಸಿಗೆ ಹೋಗಲಿಲ್ಲ. ಅವ್ವನಿಗೆ ಅರ್ಧ ಮಾತ್ರ ಹೇಳಿದ್ದೇನೆ. ಒಳಗೆ ಹೋಗುವವನು ದಾದಾ ಅಲ್ಲ ಎಂಬುದು ಇನ್ನೂ ಬಾಯಿಗೆ ಬಂದಿಲ್ಲ.

ಈಗ ಇನ್ನೊಂದು ಮಾತು. ನಾನು ಎಫ್‌ಟಿಪಿಯಲ್ಲಿ ಒಳಗೆ ಹೋದೆ. ಹೊರಗಿನವರಿಗೆ ಕಾಣುವ ಐದು ಪುಟಗಳ ಪಕ್ಕದಲ್ಲಿ ಕಾಣದ ಒಂದು ಫೋಲ್ಡರಿದೆ. ಹೆಸರು ‘ಹೊಸದು’. ಅದರಲ್ಲಿ ಇಚಲಕರಂಜಿಯ ಒಂದು ಕಂಪ್ಯೂಟರ್ ಕ್ಲಾಸಿಗೆಂದು ಮಾಡಿದ ಪುಟವಿದೆ, ಅರ್ಧ ಮರಾಠಿ, ಅರ್ಧ ಇಂಗ್ಲಿಷ್. ಕಡತ ಏರಿಸಿದ ದಿನ 22 ಮಾರ್ಚ್ 2006. ಕೆಳಗೆ ‘ರಚನೆ: ಸಿದ್ದಲಿಂಗ ಪಾಟೀಲ’ ಎಂದಿದೆ.

ಬೇರೆ ಏನನ್ನೂ ಮುಟ್ಟುವುದಿಲ್ಲ ಎಂದು ಬರೆದಿದ್ದಿರಿ. ನನ್ನ ಅಣ್ಣನ ಮನೆಯೊಳಗೆ ನಿಮ್ಮ ಧಂದೆ ನಡೆಸಿದ್ದಿರಾ? ಎಷ್ಟು ಸುಳ್ಳು ಇನ್ನೂ ಬಾಕಿ ಇವೆ?

ಸಪನಾ


ಐನಾಪುರ
24 ಅಕ್ಟೋಬರ್ 2009

ಸಪನಾ,

ಅದು ನಾನಲ್ಲ. ಇಚಲಕರಂಜಿಯಲ್ಲಿ ನನಗೆ ಯಾರೂ ಗೊತ್ತಿಲ್ಲ. ವಿಶ್ವಾಸ ಹೋದ ಮೇಲೆ ನಾನು ಒಂದು ಪುಟವನ್ನೂ ಬರೆದಿಲ್ಲ.

ನಿನ್ನ ಕಾಗದ ಓದಿ ಅಥಣಿಗೆ ಹೋಗಿ ಆ ಫೋಲ್ಡರ್ ತೆರೆದು ನೋಡಿದೆ. ಸಾಲುಗಳನ್ನು ಒಳಗೆ ಸರಿಸಿ ಬರೆಯುವ ರೀತಿ ಅವನದು. ಪ್ರತಿ ಬಣ್ಣದ ಪಕ್ಕದಲ್ಲಿ ಆ ಬಣ್ಣದ ಹೆಸರನ್ನು ಕನ್ನಡದಲ್ಲಿ ಟಿಪ್ಪಣಿ ಹಾಕುವುದು ಅವನೊಬ್ಬನೇ.

ಅಂದರೆ ಅವನೂ ಒಳಗೆ ಬರುತ್ತಿದ್ದ. ಎಷ್ಟೋ ತಿಂಗಳು ನಾವಿಬ್ಬರೂ ಒಂದೇ ಬಾಗಿಲಿನಲ್ಲಿ ಹೋಗಿ ಬಂದಿದ್ದೇವೆ. ನಾನು ಒಮ್ಮೆ ಆಚೀಚೆ ನೋಡಿದ್ದರೆ ಅವನ ಹೆಜ್ಜೆ ಕಾಣುತ್ತಿತ್ತು. ವಿಳಾಸವೇ ಇದೆ ಅದರಲ್ಲಿ.

ನಿಮ್ಮಪ್ಪನನ್ನು ಕರೆದುಕೊಂಡು ಹೋಗು. ನಾನು ಬರಲೇ ಎಂದು ಕೇಳುವ ಹಕ್ಕು ನನಗಿಲ್ಲ.

ಸಿದ್ದಲಿಂಗ


ದಿಗ್ಗೇವಾಡಿ
15 ನವೆಂಬರ್ 2009

ಸಿದ್ದಣ್ಣ,

ಮೊನ್ನೆ ನಾನು ಮತ್ತು ಅಪ್ಪ ಇಚಲಕರಂಜಿಗೆ ಹೋಗಿದ್ದೆವು. ಆ ಕ್ಲಾಸು ಈಗ ಝೆರಾಕ್ಸ್ ಅಂಗಡಿಯಾಗಿದೆ. ಮಾಲೀಕರು ಮಾತ್ರ ಹಳಬರೇ, ರಾಜಾರಾಮ ಎಂಬವರು. ಮನೆಯಲ್ಲಿ ಕನ್ನಡ ಆಡುವವರು. ನಾನು ದಾದಾನ ಫೋಟೋ ತೋರಿಸಿದೆ.

“ಇವ್ರು ಪಾಟೀಲ ಸರ್ ಅಲ್ಲೇನ್ರಿ” ಎಂದರು. “ಸಿದ್ದಲಿಂಗ ಪಾಟೀಲ, ಐನಾಪುರ. ನೀವು ಅವರಿಗೆ ಏನಾಗಬೇಕ್ರಿ?”

ನಾನು “ತಂಗಿ” ಎಂದೆ. ಅವರು ನಮ್ಮಿಬ್ಬರನ್ನೂ ಕೂರಿಸಿ ನೀರು ಕೊಟ್ಟರು.

ದಾದಾ 2005ರ ಜನವರಿಯಲ್ಲೇ ಅಲ್ಲಿಗೆ ಬಂದಿದ್ದನಂತೆ. ಕ್ಲಾಸಿನಲ್ಲಿ ಕಲಿಸುತ್ತಿದ್ದ, ಮೇಲಿನ ಕೋಣೆಯಲ್ಲಿರುತ್ತಿದ್ದ. “ಹೆಸರ ಕೇಳಿದೆ. ತುಸು ತಡದು ಹೇಳಿದ್ರು. ಪಾಟೀಲ ಅಂದ ಮ್ಯಾಲ ನಾ ಮುಂದ ಏನ ಕೇಳಲಿ? ಖೋಲಿ ಕೀಲಿ ಕೊಟ್ಟೆ” ಎಂದರು ರಾಜಾರಾಮ. ಆಮೇಲೆ ನೆನಪು ಮಾಡಿಕೊಂಡು ಒಂದು ಮಾತು ಹೇಳಿದರು: “ಹೆಸರ ಹಿಡದು ಕರದ್ರ ಲಗೂ ತಿರಗತಿರಲಿಲ್ರಿ. ಕಿವಿ ಮಂದ ಅಂತ ತಿಳದಿದ್ವಿ.”

2006ರ ಶ್ರಾವಣದಲ್ಲಿ ಕಾಮಣಿ ಬಂದು ಮೈಯೆಲ್ಲ ಹಳದಿಯಾಯಿತು. ಮೊದಲು ನಾಟಿ ಔಷಧ ತಗೊಂಡ, ಆಮೇಲೆ ದವಾಖಾನೆಗೆ ಸೇರಿಸಿದರು. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಹೋದ.

ಹೋದ ಎಂದು ಬರೆಯಲು ಈ ಸಾಲಿನಲ್ಲಿ ನನಗೆ ಬಹಳ ಹೊತ್ತು ಹಿಡಿಯಿತು.

ಅಪ್ಪ ಒಂದೇ ಪ್ರಶ್ನೆ ಕೇಳಿದರು: “ಜ್ವರದಾಗ ಏನರ ಅಂದನೇನ್ರಿ?”

“ಮರಾಠಿ ಬಿಟ್ಟು ಬರೇ ಕನ್ನಡದಾಗ ಮಾತಾಡಾಕತ್ತಿದ್ರು. ಅಪ್ಪ ನೀರ ಬಿಟ್ಟಾನೇನು, ನೀರ ಬಂತೇನು ಅಂತ ಕೇಳತಿದ್ರು. ನಾ ತಂಬಿಗಿ ತಂದು ಕುಡಸತಿದ್ದೆ.”

ರಾಜಾರಾಮ ಒಳ್ಳೆಯವರು. ಲಿಂಗಾಯತರು ಹೂಳುತ್ತಾರೆಂದು ವಿಚಾರಿಸಿ, ಜಂಗಮರನ್ನು ಕರೆಸಿ, ಹಣೆಗೆ ವಿಭೂತಿ ಹಚ್ಚಿಸಿ, ನಿಮ್ಮವರ ರುದ್ರಭೂಮಿಯಲ್ಲಿ ಹೂಳಿಸಿದ್ದಾರೆ. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಒಂದು ಸಣ್ಣ ಕಲ್ಲಿದೆ. ಕಲ್ಲಿನ ಮೇಲೆ ನಿಮ್ಮ ಹೆಸರಿದೆ. ಅಪ್ಪ ಆ ಹೆಸರಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು.

ಐನಾಪುರದ ಮುರಗೆಪ್ಪ ಪಾಟೀಲರ ಹೆಸರಿಗೆ ಅಂದೇ ಒಂದು ಕಾರ್ಡು ಬರೆದಿದ್ದೆ, ಉತ್ತರ ಬರಲಿಲ್ಲ ಎಂದರು ರಾಜಾರಾಮ. ಆ ಕಾರ್ಡು ನಿಮ್ಮ ಮನೆಗೆ ಬಂದಿತ್ತೇ?

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, “ಆ ಹೆಸರಲೆ ಕರದ್ರ ನನ್ನ ಮಗ ಓ ಅಂತಿದ್ದನೇನು?” ಎಂದಳು. ನಾನು ರಾಜಾರಾಮ ಹೇಳಿದ್ದನ್ನೇ ಹೇಳಿದೆ. ಅವಳು ಗೋಡೆಗೆ ತಿರುಗಿ ಮಲಗಿದಳು. ಇಂದಿಗೆ ಮೂರು ದಿನ. ನಾನು ಕರೆದರೆ ಓ ಎನ್ನುತ್ತಾಳೆ, ಆದರೆ ತುಸು ತಡೆದು.

ನಗರಪಾಲಿಕೆಯ ಮರಣ ದಾಖಲೆಯಲ್ಲೂ ನಿಮ್ಮ ಹೆಸರೇ ಇದೆ. ತಿದ್ದಬೇಕಾದರೆ ಆ ಹೆಸರಿನವನು ಜೀವಂತ ಬಂದು ಪ್ರಮಾಣಪತ್ರ ಕೊಡಬೇಕಂತೆ.

ಸಪನಾ


ಐನಾಪುರ
29 ನವೆಂಬರ್ 2009

ಸಪನಾ,

ಕಾರ್ಡು ಬಂದಿತ್ತು.

ನವರಾತ್ರಿಯ ದಿನಗಳು. ನಾನು ಊಟಕ್ಕೆ ಕೂತಿದ್ದೆ. ಅಪ್ಪ ಓದಿ, “ನೋಡ್ರಿ, ಇಂವಾ ಸತ್ತಾನಂತ ಯಾವನೋ ಬರದಾನ” ಎಂದು ನಕ್ಕರು. ಅವ್ವ ಚನ್ನವ್ವನಿಗೆ ಅದು ಅಪಶಕುನವೆನಿಸಿತು. ಕಾರ್ಡನ್ನು ಒಲೆಗೆ ಹಾಕಿ, ಮರುದಿನ ನನ್ನ ಹೆಸರಿನಲ್ಲಿ ರುದ್ರಾಭಿಷೇಕ ಮಾಡಿಸಿ, ಓಣಿಗೆಲ್ಲ ಹುಗ್ಗಿ ಹಂಚಿದಳು. ನನಗೆ ಆಯುಷ್ಯ ಹೆಚ್ಚಾಯಿತು ಎಂದರು ಎಲ್ಲರೂ. ನಾನೂ ಎರಡು ಸಲ ಹಾಕಿಸಿಕೊಂಡು ಉಂಡೆ.

ಇಚಲಕರಂಜಿಯಿಂದ ಬಂದ ಕಾರ್ಡು ಎಂದು ಆಗ ಕೇಳಿದ್ದೆ. ನನ್ನ ಹೆಸರನ್ನು ಹೊತ್ತು ಹೋಗುವ ಕಾರಣವಿದ್ದವನು ಲೋಕದಲ್ಲಿ ಒಬ್ಬನೇ ಇದ್ದ. ನನಗೆ ಹೊಳೆಯಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಒಂದು ಗಳಿಗೆ ಹೊಳೆಯಿತು. ತುತ್ತು ಕೈಯಲ್ಲೇ ನಿಂತಿತು. ಆಮೇಲೆ ಉಂಡೆ.

ಮೊನ್ನೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. “ಆಗಿದ್ದ ಆತು. ಕೋರ್ಟು ಕಚೇರಿ ಹತ್ತಿ ಮನಿ ಹೆಸರ ಕೆಡಸಬ್ಯಾಡ” ಎಂದರು. ನಾನು ಬರುತ್ತೇನೆ. ದಿನ ತಿಳಿಸು.

ಸಿದ್ದಲಿಂಗ


ನಿಪ್ಪಾಣಿ
2 ಜನವರಿ 2010

ಸಿದ್ದಣ್ಣ,

ಈ ತಿಂಗಳ ಹದಿನೆಂಟಕ್ಕೆ ಅಪ್ಪ ಇಚಲಕರಂಜಿಯ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಇರುತ್ತಾರೆ. ನಾನು ಬರುವುದಿಲ್ಲ. ಅವ್ವನನ್ನು ಒಬ್ಬಳೇ ಬಿಡುವಂತಿಲ್ಲ.

ಕೌದಿ ಸಂಘದ ಸೈಟು ಚಾಲೂ ಆಗಿದೆ. ಡೊಮೇನು ಸಂಘದ ಹೆಸರಿನಲ್ಲಿದೆ, ಹೋಸ್ಟಿಂಗ್ ದುಡ್ಡು ಕೊಟ್ಟು ತಗೊಂಡದ್ದು, ಬರೆದದ್ದು ನೋಟ್‌ಪ್ಯಾಡಿನಲ್ಲಿ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದ್ದೇನೆ. ಸಾವಿತ್ರೆವ್ವ ಓದಿಸಿ ಕೇಳಿ, “ಅಕ್ಷರ ಸಣ್ಣೂವು ಆದವು, ದೊಡ್ಡೂವು ಮಾಡ” ಎಂದಳು. ದಾದಾನ ಕಡತಗಳನ್ನೆಲ್ಲ ಇಳಿಸಿಕೊಂಡು, ನನ್ನದೇ ಒಂದು ಜಾಗ ತಗೊಂಡು ಅಲ್ಲಿ ಇಟ್ಟಿದ್ದೇನೆ. ಹಳೆಯದರೊಳಗೆ ಇನ್ನು ಹೋಗಬೇಡಿ. ಮೂವತ್ತು ದಿನ ಆಗಲಿ, ಅವರು ಅಳಿಸಲಿ.

ಅವ್ವ ಗುರುವಾರ ಬರುವುದನ್ನು ನಿಲ್ಲಿಸಿದ್ದಾಳೆ.

ಸಪನಾ


ಐನಾಪುರ
20 ಜನವರಿ 2010

ಸಪನಾ,

ನಿಮ್ಮಪ್ಪ ಮನೆಗೆ ಬಂದು ಎಷ್ಟು ಹೇಳಿರುತ್ತಾರೋ ಗೊತ್ತಿಲ್ಲ. ಅವರು ಹೆಚ್ಚು ಮಾತಾಡುವವರಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ, “ಉಂಡು ಬಂದೀಯೇನು?” ಎಂದರು. ಹೂಂ ಎಂದೆ. ನಗರಪಾಲಿಕೆಯ ಕಚೇರಿಗೆ ನಡೆದೆವು. ರಾಜಾರಾಮ ಸಾಕ್ಷಿಗೆ ಬಂದಿದ್ದರು. ನನ್ನನ್ನು ಅವರಿಗೆ ಪರಿಚಯ ಮಾಡಿಕೊಡುವಾಗ ನನ್ನ ಹೆಸರು ಹೇಳಬೇಕಾಯಿತು. ಅವರು ಕೈ ಮುಗಿಯಲು ಎತ್ತಿದ್ದನ್ನು ಅರ್ಧಕ್ಕೇ ಇಳಿಸಿದರು.

ಗುಮಾಸ್ತ ರಿಜಿಸ್ಟರು ತೆಗೆದ. ನನ್ನ ಗುರುತಿನ ಚೀಟಿ ನೋಡಿದ, ಸಾಲು ನೋಡಿದ, ಮತ್ತೆ ನನ್ನ ಮುಖ ನೋಡಿದ. “ಮಗ ಮೆಲೇಲಾ ಕೋಣ?” ಎಂದ.

ಹಾಗಾದರೆ ಸತ್ತವನು ಯಾರು ಎಂದು ಕೇಳಿದ್ದ. ಮರಾಠಿಯ ಮಗ ಎಂದರೆ ‘ಹಾಗಾದರೆ’ ಎಂದು ನಿಮ್ಮಪ್ಪನಿಗೆ ಗೊತ್ತು, ಹುಟ್ಟಿದಾಗಿನಿಂದ ಎರಡೂ ಮಾತು ಆಡಿದವರು. ಆದರೂ ಆ ಶಬ್ದಕ್ಕೆ ತಲೆ ಎತ್ತಿದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಅವರು ನನ್ನ ಎದೆಗೆ ಅಡ್ಡ ಕೈ ಇಟ್ಟು ತಡೆದರು.

“ವಿಶ್ವಾಸ,” ಎಂದರು. “ವಿಶ್ವಾಸ ಭರಮು ಶಿಂಗೆ. ದಿಗ್ಗೇವಾಡಿ, ತಾಲೂಕ ರಾಯಬಾಗ. ಕಂಪ್ಯೂಟರ್ ಮಾಸ್ತರ ಇದ್ದ. ಬರಕೋರಿ.”

ಗುಮಾಸ್ತ ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡ. ನಿಮ್ಮಪ್ಪ ಒಂದೊಂದನ್ನೇ ಹೇಳಿದರು.

ಪ್ರಮಾಣಪತ್ರದಲ್ಲಿ ‘ಮೃತನಿಗೂ ತಮಗೂ ಇರುವ ಸಂಬಂಧ’ ಎಂಬ ಒಂದು ಖಾನೆಯಿತ್ತು. ನಾನು ಖಾಲಿ ಬಿಟ್ಟಿದ್ದೆ. ಗುಮಾಸ್ತ ಅದನ್ನು ನನ್ನ ಕಡೆಗೆ ವಾಪಸು ತಳ್ಳಿ, ಖಾಲಿ ಬಿಡಲು ಬರುವುದಿಲ್ಲ ಎಂದ. ನಾನು ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಕೊನೆಗೆ ‘ಗೆಳೆಯ’ ಎಂದು ಬರೆದೆ.

ನಿಮ್ಮಪ್ಪ ಕಾಗದ ತಗೊಂಡು ಕಣ್ಣಿನ ಹತ್ತಿರ ಹಿಡಿದು ಓದಿದರು. ಆ ಖಾನೆಗೆ ಬಂದಾಗ ಅವರ ಬೆರಳು ನಿಂತಿತು. ಹೊಡೆದು ಹಾಕುತ್ತಾರೆ ಎಂದುಕೊಂಡೆ, ಹಾಕಲಿ ಎಂದು ಪೆನ್ನನ್ನು ಅವರ ಕೈಗೇ ಕೊಟ್ಟೆ. ಅವರು ಹೊಡೆದು ಹಾಕಲಿಲ್ಲ. ಹೌದು ಎನ್ನಲೂ ಇಲ್ಲ. ಅದರ ಕೆಳಗೆ ತಮ್ಮ ಸಹಿ ಮಾಡಿ, ಕಾಗದವನ್ನು ಕಿಟಕಿಯೊಳಗೆ ಸರಿಸಿದರು.

ಸಿದ್ದಲಿಂಗ ಮುರಗೆಪ್ಪ ಪಾಟೀಲ